ದನಿಗೆ ಬಲ, ದನಿಗೆ ನೆಲೆ

ಚಿಕ್ಕದೊಂದು ಸಭಾಂಗಣದಲ್ಲಿ ಸಂಗೀತ ಕಚೇರಿ ನಡೆಯುತ್ತಿದೆ ಎಂದು ಭಾವಿಸೋಣ. ವೇದಿಕೆಯ ನಡುವೆ ಗಾಯಕರು ಕುಳಿತಿದ್ದಾರೆ. ಸಭಿಕರ ಎಡಕ್ಕೆ ಮೃದಂಗ, ಬಲಕ್ಕೆ ಪಿಟೀಲು, ಗಾಯಕರ ಹಿಂಬದಿಯಲ್ಲಿ ತಂಬೂರಿ. ಕೇಳುಗನೊಬ್ಬನು ಕಣ್ಣು ಮುಚ್ಚಿಕೊಂಡು ಕುಳಿತರೂ ಮೃದಂಗದ ಪೆಟ್ಟು ಯಾವ ಕಡೆಯಿಂದ ಬಂದಿತು, ಪಿಟೀಲಿನ ನಾದ ಯಾವ ಕಡೆಯಿಂದ ಹೊಮ್ಮಿತು ಎಂಬುದನ್ನು ತಪ್ಪಿಲ್ಲದೆ ಹೇಳಬಲ್ಲನು. ಅದೇ ಕಚೇರಿಯನ್ನು ಒಂದೇ ಸ್ಪೀಕರ್ ಇರುವ ಸಣ್ಣ ರೇಡಿಯೋದಲ್ಲಿ ಕೇಳಿದರೆ ಗಾಯಕರು, ಪಿಟೀಲು, ಮೃದಂಗ, ತಂಬೂರಿ ಎಲ್ಲವೂ ಒಂದೇ ಕಿಂಡಿಯೊಳಗಿನಿಂದ ಬಂದಂತೆ ತೋರುತ್ತದೆ. ಹಾಡು ಉಳಿಯಿತು, ವೇದಿಕೆ ಅಳಿಯಿತು.

ಮನೆಯ ಕೋಣೆಯಲ್ಲಿ ಎರಡು ಸ್ಪೀಕರುಗಳನ್ನು ಸರಿಯಾದ ಅಂತರದಲ್ಲಿಟ್ಟು, ಅವೆರಡಕ್ಕೂ ಎದುರಾಗಿ ನಡುವೆ ಕುಳಿತು ಆ ಕಚೇರಿಯ ಸ್ಟೀರಿಯೋ ಧ್ವನಿಮುದ್ರಣವನ್ನು ಕೇಳಿದಾಗ ಅಳಿದ ವೇದಿಕೆ ಮರಳಿ ಮೈದಳೆಯುತ್ತದೆ. ಮೃದಂಗ ಎಡಕ್ಕೆ ಸರಿಯುತ್ತದೆ; ಪಿಟೀಲು ಬಲಕ್ಕೆ ನಿಲ್ಲುತ್ತದೆ. ಗಾಯಕರ ಕಂಠವಾದರೋ ಯಾವ ಪೆಟ್ಟಿಗೆಯೂ ಇಲ್ಲದ ನಡುಜಾಗದಿಂದಲೇ ಕೇಳಿಬರುತ್ತದೆ. ಈ ಚಮತ್ಕಾರದ ಹಿಂದೆ ಸದ್ದಿಲ್ಲದೆ ದುಡಿಯುವ ಉಪಕರಣವೊಂದಿದೆ. ಅದೇ ಸ್ಟೀರಿಯೋ ಆಂಪ್ಲಿಫೈಯರ್. ಕ್ಷೀಣವಾದ ವಿದ್ಯುತ್ ಸಂಕೇತಕ್ಕೆ ಬಲವನ್ನು ಒದಗಿಸುವುದರಿಂದ ಇದನ್ನು ಕನ್ನಡದಲ್ಲಿ ವರ್ಧಕ ಎಂದು ಕರೆಯಬಹುದು. ದನಿಗೆ ಬಲ ಬರುವುದು ಹೇಗೆ, ದನಿಗೆ ನೆಲೆ ದೊರೆಯುವುದು ಹೇಗೆ ಎಂಬ ಎರಡು ಪ್ರಶ್ನೆಗಳಿಗೆ ಈ ಒಂದು ಪೆಟ್ಟಿಗೆಯಲ್ಲಿ ಉತ್ತರವಿದೆ.

ಶಬ್ದವೆಂದರೆ ಗಾಳಿಯ ಕಂಪನ. ಮನುಷ್ಯನ ಕಿವಿಯು ಸೆಕೆಂಡಿಗೆ ಸುಮಾರು 20ರಿಂದ 20,000ದವರೆಗಿನ ಕಂಪನಗಳನ್ನು ಗ್ರಹಿಸಬಲ್ಲುದು. ಮೈಕ್ರೋಫೋನು ಈ ಕಂಪನವನ್ನು ಅದರಂತೆಯೇ ಏರಿಳಿಯುವ ವಿದ್ಯುತ್ತಿನ ಅಲೆಯನ್ನಾಗಿ ಮಾರ್ಪಡಿಸುತ್ತದೆ. ಗ್ರಾಮಫೋನ್ ತಟ್ಟೆಯ ಮೇಲೆ ಓಡುವ ಮುಳ್ಳು ಕೂಡ ಗೆರೆಯ ಅಂಕುಡೊಂಕುಗಳನ್ನು ಇಂಥ ಅಲೆಯನ್ನಾಗಿಯೇ ಬದಲಿಸುತ್ತದೆ. ಆದರೆ ಆ ಅಲೆ ಅತ್ಯಂತ ದುರ್ಬಲವಾದುದು. ಗ್ರಾಮಫೋನ್ ಮುಳ್ಳಿನಿಂದ ಸಾಮಾನ್ಯವಾಗಿ ದೊರೆಯುವುದು ಸುಮಾರು 5 ಮಿಲಿವೋಲ್ಟು. ಕೈದೀಪದ ಒಂದು ಸೆಲ್ಲಿನ ಒಂದೂವರೆ ವೋಲ್ಟನ್ನು ಮುನ್ನೂರು ಪಾಲು ಮಾಡಿದರೆ ಬರುವ ಒಂದು ಪಾಲು ಅದು.

ಇನ್ನು ಸ್ಪೀಕರಿನ ಬೇಡಿಕೆಯನ್ನು ನೋಡೋಣ. ಅದರೊಳಗೆ ಬಲವಾದ ಕಾಂತವೊಂದಿರುತ್ತದೆ. ಆ ಕಾಂತದ ಸಂದಿನಲ್ಲಿ ತೆಳುವಾದ ತಂತಿಯ ಸುರುಳಿ; ಸುರುಳಿಗೆ ಅಂಟಿಕೊಂಡ, ಕಾಗದದಂಥ ವಸ್ತುವಿನ ಶಂಕು. ಸುರುಳಿಯಲ್ಲಿ ವಿದ್ಯುತ್ತು ಹರಿದಾಗ ಶಂಕು ಹಿಂದಕ್ಕೂ ಮುಂದಕ್ಕೂ ಅಲುಗಿ ಗಾಳಿಯನ್ನು ನೂಕುತ್ತದೆ. ಗಾಳಿಯನ್ನು ನೂಕುವುದು ಶ್ರಮದ ಕೆಲಸ. 8 ಓಮ್ ರೋಧವಿರುವ ಸ್ಪೀಕರಿಗೆ 50 ವ್ಯಾಟ್ ಶಕ್ತಿಯನ್ನು ಕೊಡಬೇಕಾದರೆ 20 ವೋಲ್ಟ್ ಒತ್ತಡದಲ್ಲಿ ಎರಡೂವರೆ ಆಂಪಿಯರ್ ವಿದ್ಯುತ್ತು ಹರಿಯಬೇಕು. ಮುಳ್ಳು ಕೊಟ್ಟ 5 ಮಿಲಿವೋಲ್ಟ್ ಎಲ್ಲಿ, ಸ್ಪೀಕರು ಬೇಡುವ 20 ವೋಲ್ಟ್ ಎಲ್ಲಿ! ಒಂದಕ್ಕೂ ಇನ್ನೊಂದಕ್ಕೂ ನಾಲ್ಕು ಸಾವಿರ ಪಟ್ಟು ಅಂತರವಿದೆ. ಈ ಅಂತರವನ್ನು ತುಂಬುವುದೇ ವರ್ಧಕದ ಕಾರ್ಯ.

ಇಲ್ಲಿ ಒಂದು ತಪ್ಪು ತಿಳಿವಳಿಕೆ ಸುಲಭವಾಗಿ ಮೂಡುತ್ತದೆ. ಬಲೂನಿಗೆ ಗಾಳಿ ಊದಿದಂತೆ ವರ್ಧಕವು ಸಣ್ಣ ಸಂಕೇತವನ್ನೇ ಹಿಗ್ಗಿಸಿ ದೊಡ್ಡದಾಗಿಸುತ್ತದೆಂದು ಅನೇಕರು ಎಣಿಸುತ್ತಾರೆ. ಅದು ಹಾಗಲ್ಲ. ಊರಿನ ಕೆರೆಯನ್ನು ನೆನೆದರೆ ನಿಜಸಂಗತಿ ಸ್ಪಷ್ಟವಾಗುತ್ತದೆ. ಏರಿಯ ಹಿಂದೆ ಅಪಾರ ಜಲರಾಶಿ ನಿಂತಿದೆ. ಒಬ್ಬ ನೀರುಗಂಟಿಯು ತೂಬನ್ನು ತುಸು ಎತ್ತಿದರೆ ಕಾಲುವೆ ತುಂಬ ನೀರು ಧುಮ್ಮಿಕ್ಕುತ್ತದೆ. ತುಸು ಇಳಿಸಿದರೆ ಹರಿವು ತಗ್ಗುತ್ತದೆ. ಗದ್ದೆಗೆ ಹರಿದ ನೀರು ನೀರುಗಂಟಿಯ ತೋಳಿನಿಂದ ಬಂದದ್ದಲ್ಲ, ಕೆರೆಯಿಂದ ಬಂದದ್ದು. ಆದರೆ ಎಷ್ಟು ಹರಿಯಬೇಕು, ಯಾವಾಗ ಹರಿಯಬೇಕು ಎಂಬ ಆಜ್ಞೆ ಮಾತ್ರ ಅವನ ಕೈಯದು. ವರ್ಧಕದಲ್ಲಿಯೂ ಹೀಗೆಯೇ. ಕ್ಷೀಣವಾದ ಸಂಕೇತವೇ ನೀರುಗಂಟಿಯ ಕೈ. ಟ್ರಾನ್ಸಿಸ್ಟರ್ ಎಂಬ ಪುಟ್ಟ ಸಾಧನವೇ ತೂಬು. ವಿದ್ಯುತ್ ಪೂರೈಕೆಯ ಭಾಗವೇ ಕೆರೆ. ಸಂಕೇತದ ಏರಿಳಿತಕ್ಕೆ ಅನುಗುಣವಾಗಿ ಕೆರೆಯ ಶಕ್ತಿ ಸ್ಪೀಕರಿನತ್ತ ಹರಿಯುತ್ತದೆ. ಸ್ಪೀಕರಿನಲ್ಲಿ ಕೇಳಿಬರುವುದು ಹಳೆಯ ಅಲೆಯಲ್ಲ. ಹಳೆಯ ಅಲೆಯ ಅಚ್ಚಿನಲ್ಲಿ ಎರೆದ ಹೊಸ ಅಲೆ.

ಕೆರೆ ಚೆನ್ನಾಗಿರಬೇಕು. ಮನೆಗೆ ಬರುವ 230 ವೋಲ್ಟಿನ ವಿದ್ಯುತ್ತು ಸೆಕೆಂಡಿಗೆ 50 ಆವರ್ತ ದಿಕ್ಕು ಬದಲಿಸುತ್ತ ಹರಿಯುವಂಥದು. ವರ್ಧಕದೊಳಗಿನ ಪರಿವರ್ತಕವು ಅದರ ಒತ್ತಡವನ್ನು ತಗ್ಗಿಸುತ್ತದೆ. ಡಯೋಡುಗಳು ಅದನ್ನು ಒಂದೇ ದಿಕ್ಕಿಗೆ ತಿರುಗಿಸುತ್ತವೆ. ದೊಡ್ಡ ದೊಡ್ಡ ಕೆಪಾಸಿಟರುಗಳು ಅದರ ಏರಿಳಿತವನ್ನು ನುಣುಪಾಗಿಸಿ ಶಕ್ತಿಯನ್ನು ಸಂಗ್ರಹಿಸಿಡುತ್ತವೆ. ಮೃದಂಗದ ಒಂದು ಬಲವಾದ ಪೆಟ್ಟು ಬಂದಾಗ ಕಣ್ಣೆವೆಯಿಕ್ಕುವುದರೊಳಗೆ ಬಹಳಷ್ಟು ಶಕ್ತಿ ಬೇಕಾಗುತ್ತದೆ. ಸಂಗ್ರಹ ಸಾಲದಿದ್ದರೆ ಆ ಪೆಟ್ಟು ಮಂಕಾಗುತ್ತದೆ. ನುಣುಪು ಸಾಲದಿದ್ದರೆ ಹಾಡಿನ ಹಿಂದೆ ಗುಂಯ್ ಎಂಬ ಮೊರೆತ ಬಿಡದೆ ಕೇಳುತ್ತದೆ.

ವರ್ಧನೆಯ ಕೆಲಸ ಒಂದೇ ನೆಗೆತಕ್ಕೆ ಮುಗಿಯುವುದಿಲ್ಲ. ಮೊದಲನೆಯ ಹಂತವನ್ನು ಪೂರ್ವವರ್ಧಕ ಎನ್ನಬಹುದು. ಅತಿ ನವುರಾದ ಸಂಕೇತವನ್ನು ಸ್ವಾಗತಿಸಿ ಸಿದ್ಧಗೊಳಿಸುವುದು ಅದರ ಹೊಣೆ. ಗ್ರಾಮಫೋನ್ ತಟ್ಟೆಯಲ್ಲಿ ಗೆರೆ ಕೊರೆಯುವಾಗ ತಗ್ಗುಸ್ವರಗಳನ್ನು ಬೇಕೆಂದೇ ಕುಗ್ಗಿಸಿರುತ್ತಾರೆ. ಇಲ್ಲವಾದರೆ ಗೆರೆ ಬಹಳ ಅಗಲಕ್ಕೆ ಹೊಯ್ದಾಡಿ ಪಕ್ಕದ ಗೆರೆಯನ್ನು ಮುಟ್ಟೀತು. ಹಾಗೆ ಕುಗ್ಗಿಸಿದ್ದನ್ನು ಪೂರ್ವವರ್ಧಕವು ಮತ್ತೆ ಹಿಗ್ಗಿಸಿ ಮೊದಲಿನ ಪ್ರಮಾಣಕ್ಕೆ ತರುತ್ತದೆ. ದನಿಯನ್ನು ಏರಿಸಿ ಇಳಿಸುವ ಗುಂಡಿ, ತಾರಕ ಮಂದ್ರಗಳನ್ನು ಹೊಂದಿಸುವ ಗುಂಡಿಗಳು ಇರುವುದೂ ಈ ಹಂತದಲ್ಲಿಯೇ. ಎರಡನೆಯದು ಶಕ್ತಿವರ್ಧಕ. ಸ್ಪೀಕರನ್ನು ಅಲುಗಿಸುವ ಭಾರದ ಕೆಲಸ ಇದರದು.

ಶಕ್ತಿವರ್ಧಕದ ಕೊನೆಯ ಹಂತದಲ್ಲಿ ಟ್ರಾನ್ಸಿಸ್ಟರುಗಳು ಸಾಮಾನ್ಯವಾಗಿ ಜೋಡಿಯಾಗಿ ದುಡಿಯುತ್ತವೆ. ಮರ ಕೊಯ್ಯುವವರಿಬ್ಬರು ಗರಗಸದ ಎರಡು ತುದಿಗಳನ್ನು ಹಿಡಿದು ಸರದಿಯಂತೆ ಎಳೆಯುವುದನ್ನು ಇದಕ್ಕೆ ಹೋಲಿಸಬಹುದು. ಅಲೆಯ ಮೇಲರ್ಧವನ್ನು ಒಂದು ಟ್ರಾನ್ಸಿಸ್ಟರ್ ನಿರ್ವಹಿಸಿದರೆ ಕೆಳಗಿನ ಅರ್ಧವನ್ನು ಇನ್ನೊಂದು ನಿರ್ವಹಿಸುತ್ತದೆ. ಒಂದು ಕೈಬಿಟ್ಟು ಇನ್ನೊಂದು ಹಿಡಿಯುವ ಗಳಿಗೆಯಲ್ಲಿ ತುಸು ತಡವಾದರೂ ಅಲೆಯ ನಡುವೆ ಒಂದು ಕೊಂಕು ಉಂಟಾಗಿ ಸ್ವರ ಒರಟಾಗುತ್ತದೆ. ಈ ದೋಷ ತಾರಸ್ವರದ ದೊಡ್ಡ ಹಾಡಿಗಿಂತ ಮೆಲುದನಿಯ ಆಲಾಪದಲ್ಲಿಯೇ ಹೆಚ್ಚಾಗಿ ಎದ್ದು ಕಾಣುತ್ತದೆ. ಅದನ್ನು ತಪ್ಪಿಸಲು ಸರದಿ ಇಲ್ಲದಾಗಲೂ ಎರಡು ಟ್ರಾನ್ಸಿಸ್ಟರುಗಳಲ್ಲಿ ಸ್ವಲ್ಪ ವಿದ್ಯುತ್ತು ಹರಿಯುತ್ತಿರುವಂತೆ ಏರ್ಪಡಿಸುತ್ತಾರೆ. ಹಾಡು ನುಡಿಯದಿದ್ದಾಗಲೂ ವರ್ಧಕದ ಮೈ ಬೆಚ್ಚಗಿರುವುದಕ್ಕೆ ಇದೂ ಒಂದು ಕಾರಣ. ಆ ಬಿಸಿಯನ್ನು ಹೊರಚೆಲ್ಲಲೆಂದೇ ಅದಕ್ಕೆ ರೆಕ್ಕೆಗಳಂಥ ಅಲ್ಯೂಮಿನಿಯಮ್ ಪಟ್ಟಿಗಳನ್ನು ಜೋಡಿಸಿರುತ್ತಾರೆ. ಅಂದಕ್ಕೆಂದು ಅದರ ಮೇಲೆ ಕಸೂತಿಯ ಬಟ್ಟೆ ಹೊದಿಸುವುದಾಗಲಿ, ಗಾಳಿಯಾಡದ ಬೀರುವಿನಲ್ಲಿ ಇಡುವುದಾಗಲಿ ತರವಲ್ಲ.

ಹೆಚ್ಚು ವ್ಯಾಟ್ ಇದ್ದರೆ ಹೆಚ್ಚು ಒಳ್ಳೆಯ ವರ್ಧಕ ಎಂಬ ನಂಬಿಕೆಯೂ ಪೂರ್ತಿ ಸರಿಯಲ್ಲ. ಕಿವಿಯ ಲೆಕ್ಕ ಬೇರೆ. ಶಕ್ತಿಯನ್ನು ಹತ್ತು ಪಟ್ಟು ಹೆಚ್ಚಿಸಿದಾಗ ಕಿವಿಗೆ ದನಿ ಸುಮಾರಾಗಿ ಎರಡು ಪಟ್ಟು ಹೆಚ್ಚಿದಂತೆ ತೋರುತ್ತದೆ. 50 ವ್ಯಾಟಿಗೂ 100 ವ್ಯಾಟಿಗೂ ಕಿವಿ ಕಾಣುವ ವ್ಯತ್ಯಾಸ ಅಲ್ಪವೇ. ಹಾಗಾದರೆ ಒಳ್ಳೆಯ ವರ್ಧಕದ ಲಕ್ಷಣವೇನು? ತಾನು ಬಲವನ್ನು ಕೊಡುವುದರ ಜೊತೆಗೆ ತನ್ನದಾದ ಯಾವ ದನಿಯನ್ನೂ ಹಾಡಿಗೆ ಸೇರಿಸದಿರುವುದು. ಇದನ್ನು ಸಾಧಿಸುವುದು ಸುಲಭವಾಗಿರಲಿಲ್ಲ. ಅದಕ್ಕೊಂದು ಇತಿಹಾಸವಿದೆ.

ಅಮೆರಿಕದ ಲೀ ಡಿ ಫಾರೆಸ್ಟ್ 1906ರಲ್ಲಿ ಗಾಜಿನ ಬುರುಡೆಯೊಂದರೊಳಗೆ ಕಾದ ತಂತಿ ಮತ್ತು ಲೋಹದ ಫಲಕಗಳ ನಡುವೆ ಮೂರನೆಯದೊಂದು ತಂತಿಯ ಜಾಲರಿಯನ್ನಿಟ್ಟನು. ಜಾಲರಿಗೆ ಕೊಟ್ಟ ಸಣ್ಣ ಸಂಕೇತ ಬುರುಡೆಯೊಳಗಿನ ದೊಡ್ಡ ಹರಿವನ್ನು ಆಳುತ್ತಿತ್ತು. ಅದು ಹೇಗೆ ಕೆಲಸ ಮಾಡುತ್ತದೆಂಬುದು ಆತನಿಗೇ ಸರಿಯಾಗಿ ತಿಳಿದಿರಲಿಲ್ಲ. ಮುಂದೆ ಬೇರೆಯವರು ವಿವರಿಸಬೇಕಾಯಿತು. ಹೀಗಿದ್ದರೂ ಈ ಸಾಧನದ ಸುಧಾರಿಸಿದ ರೂಪದಿಂದಲೇ 1915ರಲ್ಲಿ ನ್ಯೂಯಾರ್ಕಿನ ಮಾತು ಟೆಲಿಫೋನು ತಂತಿಯ ಮೂಲಕ ಖಂಡವನ್ನು ದಾಟಿ ಸ್ಯಾನ್ ಫ್ರಾನ್ಸಿಸ್ಕೋ ನಗರವನ್ನು ಮುಟ್ಟಿತು.

ಆದರೆ ದೂರದ ಟೆಲಿಫೋನಿಗೆ ಒಂದರ ಮುಂದೊಂದರಂತೆ ಹಲವು ವರ್ಧಕಗಳನ್ನು ಇಡಬೇಕಾಗುತ್ತಿತ್ತು. ಪ್ರತಿಯೊಂದೂ ತನ್ನ ಪಾಲಿನ ವಿಕೃತಿಯನ್ನು ಸೇರಿಸುತ್ತ ಹೋಗಿ ಕೊನೆಗೆ ಮಾತು ಕದಡಿಹೋಗುತ್ತಿತ್ತು. ಹೆರಾಲ್ಡ್ ಬ್ಲ್ಯಾಕ್ ಎಂಬ ತರುಣ ಎಂಜಿನಿಯರನು ಆರು ವರ್ಷ ಈ ಸಮಸ್ಯೆಯೊಡನೆ ಹೆಣಗಿದನು. 1927ರ ಆಗಸ್ಟ್ 2ರ ಬೆಳಿಗ್ಗೆ ಕೆಲಸಕ್ಕೆ ಹೋಗಲು ಹಡ್ಸನ್ ನದಿಯನ್ನು ದೋಣಿಯಲ್ಲಿ ದಾಟುತ್ತಿದ್ದಾಗ ಅವನಿಗೆ ಪರಿಹಾರ ಹೊಳೆಯಿತು. ಬೇರೆ ಕಾಗದವಿಲ್ಲದೆ ಕೈಯಲ್ಲಿದ್ದ ವೃತ್ತಪತ್ರಿಕೆಯ ಹಾಳೆಯ ಮೇಲೆಯೇ ಅವನು ಅದನ್ನು ಗೀಚಿಕೊಂಡನು.

ಅವನ ಉಪಾಯ ನೋಡಲು ಸರಳ. ವರ್ಧಕದಿಂದ ಹೊರಬಂದ ಅಲೆಯ ಒಂದು ಸಣ್ಣ ಅಂಶವನ್ನು ತಲೆಕೆಳಗು ಮಾಡಿ ಮತ್ತೆ ಒಳಬಾಗಿಲಿಗೆ ಕಳುಹಿಸುವುದು. ಆಗ ಒಳಗೆ ಬಂದುದಕ್ಕೂ ಹೊರಗೆ ಹೋದುದಕ್ಕೂ ಇರುವ ವ್ಯತ್ಯಾಸವು ವರ್ಧಕಕ್ಕೆ ತಿಳಿಯುತ್ತದೆ. ಅದು ತನ್ನ ತಪ್ಪನ್ನು ತಾನೇ ಕಳೆದುಕೊಳ್ಳುತ್ತದೆ. ಉಕ್ತಲೇಖನ ಬರೆದ ವಿದ್ಯಾರ್ಥಿಯು ತನ್ನ ಬರಹವನ್ನು ಮೂಲದೊಡನೆ ಹೋಲಿಸಿ ತಿದ್ದಿಕೊಳ್ಳುವ ರೀತಿ ಇದು. ಆದರೆ ಇದಕ್ಕೆ ಬೆಲೆ ತೆರಬೇಕು. ಲಕ್ಷ ಪಟ್ಟು ವರ್ಧಿಸಬಲ್ಲ ಸಾಧನವು ನೂರು ಪಟ್ಟಿಗೆ ತೃಪ್ತಿಪಡಬೇಕಾಗುತ್ತದೆ. ಬಿಟ್ಟುಕೊಟ್ಟ ಸಾವಿರ ಪಟ್ಟಿಗೆ ಪ್ರತಿಯಾಗಿ ಅದರ ವಿಕೃತಿಯೂ ಹೆಚ್ಚುಕಡಿಮೆ ಸಾವಿರದ ಒಂದು ಪಾಲಿಗೆ ಇಳಿಯುತ್ತದೆ. ಕಷ್ಟಪಟ್ಟು ಗಳಿಸಿದ ವರ್ಧನೆಯನ್ನು ಕೈಯಾರೆ ಬಿಟ್ಟುಕೊಡುವ ಈ ಮಾತನ್ನು ಅಂದಿನ ತಜ್ಞರು ಬೇಗನೆ ಒಪ್ಪಲಿಲ್ಲ. 1928ರಲ್ಲಿ ಸಲ್ಲಿಸಿದ ಅರ್ಜಿಗೆ ಪೇಟೆಂಟು ದೊರೆತದ್ದು 1937ರಲ್ಲಿ. ಮುಂದೆ ಮನೆಯ ಸಂಗೀತಸಾಧನಗಳ ಬಹುಪಾಲು ವರ್ಧಕಗಳು ಇದೇ ತತ್ತ್ವವನ್ನು ಅನುಸರಿಸಿದವು. 1947ರ ಡಿಸೆಂಬರಿನಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಟ್ರಾನ್ಸಿಸ್ಟರ್ ಹುಟ್ಟಿದ ಮೇಲೆ ಕ್ರಮೇಣ ಗಾಜಿನ ಬುರುಡೆಗಳ ಸ್ಥಾನವನ್ನು ಅದು ಪಡೆಯಿತು. ಸಾಧನ ಬದಲಾಯಿತು, ತತ್ತ್ವ ಉಳಿಯಿತು.

ದನಿಗೆ ಬಲ ಬಂದ ಬಗೆ ಇದು. ಇನ್ನು ಅದಕ್ಕೆ ನೆಲೆ ದೊರೆತ ಬಗೆಯನ್ನು ನೋಡಬೇಕು. ಎಡಗಡೆಯಿಂದ ಬಂದ ದನಿ ಎಡಗಿವಿಯನ್ನು ಮೊದಲು ಮುಟ್ಟುತ್ತದೆ. ಬಲಗಿವಿಗೆ ಅದು ತಲುಪುವುದು ತುಸು ತಡವಾಗಿ, ತುಸು ಕ್ಷೀಣವಾಗಿ. ಆ ತಡ ಸೆಕೆಂಡಿನ ಸಾವಿರದ ಒಂದು ಪಾಲಿಗಿಂತಲೂ ಕಡಿಮೆ. ಇಷ್ಟು ಸೂಕ್ಷ್ಮವಾದ ವ್ಯತ್ಯಾಸದಿಂದಲೇ ಮೆದುಳು ದನಿಯ ದಿಕ್ಕನ್ನು ಗೊತ್ತುಮಾಡುತ್ತದೆ. 1881ರಷ್ಟು ಹಿಂದೆಯೇ ಪ್ಯಾರಿಸ್ಸಿನ ವಿದ್ಯುತ್ ಪ್ರದರ್ಶನದಲ್ಲಿ ಕ್ಲೆಮಾಂ ಅದೇರ್ ಎಂಬವನು ಅಲ್ಲಿನ ಆಪೆರಾ ರಂಗಮಂದಿರದಿಂದ ಜೋಡಿತಂತಿಗಳನ್ನು ಎಳೆದು, ಕೇಳುಗರ ಎರಡು ಕಿವಿಗಳಿಗೂ ಬೇರೆ ಬೇರೆ ಟೆಲಿಫೋನ್ ಕೇಳುಗೊಳವೆಗಳನ್ನು ಕೊಟ್ಟಿದ್ದನು. ಗಾಯಕರು ವೇದಿಕೆಯ ಮೇಲೆ ಅತ್ತಿತ್ತ ನಡೆದಾಡುವುದು ಕೇಳುಗರ ಅರಿವಿಗೆ ಬಂದಿತು.

ಈ ಅನುಭವಕ್ಕೆ ಶಾಸ್ತ್ರೀಯ ರೂಪ ಕೊಟ್ಟವನು ಇಂಗ್ಲೆಂಡಿನ ಅಲನ್ ಬ್ಲಮ್ಲೈನ್. ಚಲನಚಿತ್ರ ನೋಡಲು ಹೋಗಿದ್ದಾಗ ನಟನು ಪರದೆಯ ಒಂದು ಅಂಚಿನಲ್ಲಿದ್ದರೂ ದನಿ ಮಾತ್ರ ಬೇರೆ ಕಡೆಯ ಒಂದೇ ಸ್ಪೀಕರಿನಿಂದ ಬರುತ್ತಿದ್ದುದು ಅವನನ್ನು ಚಿಂತನೆಗೆ ಹಚ್ಚಿತೆಂದು ಹೇಳುತ್ತಾರೆ. 1931ರ ಡಿಸೆಂಬರಿನಲ್ಲಿ ಅವನು ಪೇಟೆಂಟಿಗೆ ಅರ್ಜಿ ಸಲ್ಲಿಸಿದನು. ತಟ್ಟೆಯ ಒಂದೇ ಗೆರೆಯ ಎರಡು ಗೋಡೆಗಳಲ್ಲಿ ಎಡ ಬಲಗಳ ಎರಡು ದನಿಗಳನ್ನು ಕೊರೆದು, ಒಂದೇ ಮುಳ್ಳಿನಿಂದ ಎರಡನ್ನೂ ಎತ್ತುವ ವಿಧಾನ ಅದರಲ್ಲಿ ಸೇರಿತ್ತು. 1934ರ ಜನವರಿಯಲ್ಲಿ ಲಂಡನ್ನಿನ ಆ್ಯಬಿ ರೋಡ್ ಸ್ಟುಡಿಯೋದಲ್ಲಿ ಮೋಟ್ಸಾರ್ಟನ 41ನೆಯ ಸಿಂಫನಿಯ ಅಭ್ಯಾಸವನ್ನು ಈ ರೀತಿಯಲ್ಲಿ ಮುದ್ರಿಸಲಾಯಿತು. ಆದರೆ ಜಗತ್ತು ಯುದ್ಧದತ್ತ ಸಾಗುತ್ತಿತ್ತು. ಬ್ಲಮ್ಲೈನನ ಪ್ರತಿಭೆ ರೇಡಾರಿನ ಕೆಲಸಕ್ಕೆ ಮೀಸಲಾಯಿತು. 1942ರ ಜೂನ್ 7ರಂದು ಹೊಸ ರೇಡಾರೊಂದನ್ನು ಪರೀಕ್ಷಿಸುತ್ತಿದ್ದ ವಿಮಾನವು ನೆಲಕ್ಕುರುಳಿ ಅದರಲ್ಲಿದ್ದ ಹನ್ನೊಂದು ಮಂದಿಯೂ ಮೃತರಾದರು. ಅವರಲ್ಲಿ ಬ್ಲಮ್ಲೈನನೂ ಒಬ್ಬ. ಅವನಿಗಿನ್ನೂ 38 ವರ್ಷ ವಯಸ್ಸು. ಯುದ್ಧದ ಗೋಪ್ಯದಿಂದಾಗಿ ಆ ಸುದ್ದಿಯನ್ನು ಕೂಡ ಆಗ ಬಹಿರಂಗಪಡಿಸಲಿಲ್ಲ. ಸ್ಟೀರಿಯೋ ತಟ್ಟೆಗಳು ವ್ಯಾಪಕವಾಗಿ ಮಾರುಕಟ್ಟೆಗೆ ಬಂದದ್ದು 1958ರಲ್ಲಿ. ಮನೆಮನೆಗಳಲ್ಲಿ ಅವು ನುಡಿದಾಗ ಕೇಳಲು ಅವನಿರಲಿಲ್ಲ.

ಸ್ಟೀರಿಯೋ ವರ್ಧಕವೆಂದರೆ ಒಂದೇ ಪೆಟ್ಟಿಗೆಯಲ್ಲಿ ವಾಸಿಸುವ ಅವಳಿ ವರ್ಧಕಗಳು. ಸಾಮಾನ್ಯವಾಗಿ ಕೆರೆ ಒಂದೇ, ಕಾಲುವೆಗಳು ಎರಡು. ಇವೆರಡೂ ಎಲ್ಲ ವಿಧದಲ್ಲಿಯೂ ಸಮಾನವಾಗಿರಬೇಕು. ಗಾಯಕರ ಕಂಠವನ್ನು ಎರಡು ದಾರಿಗಳಲ್ಲಿಯೂ ಸಮಪ್ರಮಾಣದಲ್ಲಿ ಮುದ್ರಿಸಿರುತ್ತಾರೆ. ಎರಡು ಸ್ಪೀಕರುಗಳಿಂದ ಸಮನಾಗಿ, ಏಕಕಾಲಕ್ಕೆ ಬಂದ ದನಿಯನ್ನು ಮೆದುಳು ನಡುವಿನಿಂದ ಬಂದ ಒಂದೇ ದನಿಯೆಂದು ತಿಳಿಯುತ್ತದೆ. ಆದ್ದರಿಂದಲೇ ಪೆಟ್ಟಿಗೆಯಿಲ್ಲದ ಕಡೆ ಗಾಯಕರು ಕುಳಿತಂತೆ ಭಾಸವಾಗುತ್ತದೆ. ಒಂದು ದಾರಿಯ ಬಲ ತುಸು ಹೆಚ್ಚಾದರೂ ಗಾಯಕರು ಆ ಪಕ್ಕಕ್ಕೆ ಜಾರುತ್ತಾರೆ. ಅದನ್ನು ಸರಿಪಡಿಸಲು ಸಮತೋಲನದ ಗುಂಡಿಯಿದೆ. ಒಂದು ದಾರಿಯ ಸಂಕೇತ ಇನ್ನೊಂದಕ್ಕೆ ಸೋರಿದರೆ ವೇದಿಕೆ ಕುಗ್ಗುತ್ತದೆ. ಒಂದು ಸ್ಪೀಕರಿನ ಎರಡು ತಂತಿಗಳನ್ನು ಅದಲು ಬದಲಾಗಿ ಜೋಡಿಸಿದರೆ ಒಂದರ ಶಂಕು ಮುಂದೆ ನೂಕುವಾಗ ಇನ್ನೊಂದರದು ಹಿಂದೆ ಸೆಳೆಯುತ್ತದೆ. ತಗ್ಗುಸ್ವರಗಳು ಬಡವಾಗಿ, ನಡುವಿನ ಗಾಯಕರು ಎಲ್ಲಿದ್ದಾರೆಂಬುದೇ ತಿಳಿಯದಂತಾಗುತ್ತದೆ. ತಂತಿಗಳಿಗೆ ಕೆಂಪು, ಕಪ್ಪು ಎಂಬ ಗುರುತುಗಳಿರುವುದು ಇದಕ್ಕಾಗಿಯೇ.

ಇಂದು ತಟ್ಟೆಯ ಗೆರೆಯ ಸ್ಥಾನದಲ್ಲಿ ಬಹುಮಟ್ಟಿಗೆ ಅಂಕಿಗಳ ರೂಪದ ಮುದ್ರಣ ಬಂದಿದೆ. ತೂಬನ್ನು ಅರೆಬರೆ ಎತ್ತಿ ಹಿಡಿಯುವುದಕ್ಕೆ ಬದಲಾಗಿ ಅದನ್ನು ಸೆಕೆಂಡಿಗೆ ಲಕ್ಷಾಂತರ ಸಲ ಪೂರ್ತಿ ತೆರೆದು ಪೂರ್ತಿ ಮುಚ್ಚುವ ಹೊಸ ಬಗೆಯ ವರ್ಧಕಗಳೂ ಬಳಕೆಯಲ್ಲಿವೆ. ಅವುಗಳಲ್ಲಿ ಶಕ್ತಿ ಬಿಸಿಯಾಗಿ ಪೋಲಾಗುವುದು ಕಡಿಮೆ. ಆದ್ದರಿಂದಲೇ ಅಂಗೈಯಗಲದ ಮೊಬೈಲ್ ಫೋನಿನೊಳಗೂ ವರ್ಧಕ ಅಡಗಿ ಕುಳಿತಿದೆ. ರೂಪ ಎಷ್ಟೇ ಬದಲಾದರೂ ವರ್ಧಕದ ಧರ್ಮ ಬದಲಾಗಿಲ್ಲ. ದುರ್ಬಲವಾದ ದನಿಗೆ ಅದು ತನ್ನ ಬಲವನ್ನೆಲ್ಲ ಧಾರೆಯೆರೆಯಬೇಕು. ತನ್ನದೊಂದು ಮಾತನ್ನೂ ನಡುವೆ ಸೇರಿಸಬಾರದು. ತಾನು ಎಲ್ಲಿ ತಪ್ಪಿದೆನೆಂದು ಗಳಿಗೆಗಳಿಗೆಗೂ ಹಿಂತಿರುಗಿ ನೋಡಿಕೊಳ್ಳಬೇಕು. ಕಚೇರಿ ಮುಗಿದಾಗ ಕೇಳುಗನ ಮನಸ್ಸಿನಲ್ಲಿ ಉಳಿಯಬೇಕಾದದ್ದು ಗಾಯಕರ ಹಾಡು. ಮೂಲೆಯಲ್ಲಿ ಬೆಚ್ಚಗೆ ಕುಳಿತ ಪೆಟ್ಟಿಗೆಯಲ್ಲ.

ಪದಗಳ ಅರ್ಥ

ಕ್ಷೀಣ – ದುರ್ಬಲ, ಸೊರಗಿದ
ತೂಬು – ಕೆರೆಯ ನೀರನ್ನು ಹೊರಬಿಡುವ ಕಂಡಿ
ನೀರುಗಂಟಿ – ಕೆರೆಯ ನೀರನ್ನು ಗದ್ದೆಗಳಿಗೆ ಹಂಚುವವನು
ವಿಕೃತಿ – ಮೂಲರೂಪ ಕೆಡುವುದು
ಮಂದ್ರ – ತಗ್ಗಿನ ಸ್ವರ
ಧಾರೆಯೆರೆ – ಪೂರ್ತಿಯಾಗಿ ಒಪ್ಪಿಸಿಕೊಡು

ಅಭ್ಯಾಸ

ಅ. ಒಂದು ವಾಕ್ಯದಲ್ಲಿ ಉತ್ತರಿಸಿರಿ.
1. ಮನುಷ್ಯನ ಕಿವಿ ಗ್ರಹಿಸಬಲ್ಲ ಕಂಪನಗಳ ಮಿತಿ ಎಷ್ಟು?
2. ಹೆರಾಲ್ಡ್ ಬ್ಲ್ಯಾಕನಿಗೆ ಹೊಸ ಉಪಾಯ ಹೊಳೆದದ್ದು ಎಲ್ಲಿ?
3. ವರ್ಧಕಕ್ಕೆ ಅಲ್ಯೂಮಿನಿಯಮ್ ಪಟ್ಟಿಗಳನ್ನು ಏಕೆ ಜೋಡಿಸುತ್ತಾರೆ?

ಆ. ನಾಲ್ಕೈದು ವಾಕ್ಯಗಳಲ್ಲಿ ಉತ್ತರಿಸಿರಿ.
1. ವರ್ಧಕದ ಕೆಲಸವನ್ನು ಕೆರೆಯ ತೂಬಿಗೆ ಹೋಲಿಸಿರುವುದು ಹೇಗೆ?
2. ಪೆಟ್ಟಿಗೆಯಿಲ್ಲದ ನಡುಜಾಗದಿಂದ ಗಾಯಕರ ಕಂಠ ಕೇಳಿಸುವುದೇಕೆ?
3. ಅಲನ್ ಬ್ಲಮ್ಲೈನನ ಸಾಧನೆಯನ್ನೂ ಅವನ ಅಂತ್ಯವನ್ನೂ ವಿವರಿಸಿರಿ.

ಇ. ಈ ವಾಕ್ಯಗಳ ಸಂದರ್ಭವನ್ನು ತಿಳಿಸಿ ಸ್ವಾರಸ್ಯವನ್ನು ವಿವರಿಸಿರಿ.
1. “ಹಾಡು ಉಳಿಯಿತು, ವೇದಿಕೆ ಅಳಿಯಿತು.”
2. “ಸಾಧನ ಬದಲಾಯಿತು, ತತ್ತ್ವ ಉಳಿಯಿತು.”

ಈ. ಸ್ವಂತ ವಾಕ್ಯಗಳಲ್ಲಿ ಬಳಸಿರಿ.
ಮೈದಳೆ, ಹೆಣಗು, ಧಾರೆಯೆರೆ, ಅದಲು ಬದಲು